ಯಾರ ಲೆಕ್ಕವನ್ನು ಯಾರು ನೋಡಬೇಕು?

ಇತ್ತೀಚೆಗೆ ನಮ್ಮ ವಿದ್ಯಾವಂತರ ಗೋಷ್ಠಿಗಳಲ್ಲಿ ಒಂದು ಮಾತು ಮಂತ್ರದಂತೆ ಚಲಾವಣೆಯಲ್ಲಿದೆ. ಕೈಯಲ್ಲೊಂದು ಮೊಬೈಲ್ ಫೋನು, ಅದಕ್ಕೊಂದು ಅಂತರ್ಜಾಲದ ಸಂಪರ್ಕ, ಇವೆರಡಿದ್ದರೆ ಸಾಮಾನ್ಯ ಮನುಷ್ಯನೂ ಸಮಾಜವನ್ನು ತಿದ್ದಬಲ್ಲನೆಂಬುದೇ ಆ ಮಾತು. ಇನ್ನು ಸಭೆ ಕೂಡಿಸಬೇಕಾಗಿಲ್ಲ, ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ, ಕಚೇರಿಯ ಮೆಟ್ಟಿಲು ಸವೆಸಬೇಕಾಗಿಲ್ಲ. ಬೆರಳ ತುದಿಯಿಂದಲೇ ಕ್ರಾಂತಿ ನಡೆದುಹೋಗುತ್ತದೆಯಂತೆ. ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವೂ ಇದೆ. ಫೋನೆಂಬುದು ಬರಿಯ ಮಾಯೆ, ಚಳವಳಿಯೆಂದರೆ ಹಿಂದಿನವರದೇ ಚಳವಳಿ, ಇಂದಿನ ಹುಡುಗರಿಗೆ ಅದರ ಗಂಧವಿಲ್ಲವೆಂದು ಇವರು ನಿಟ್ಟುಸಿರು ಬಿಡುತ್ತಾರೆ. ಎರಡು ಪಕ್ಷದವರೂ ಸೊಗಸಾಗಿ ವಾದಿಸುತ್ತಾರೆ. ಆದರೆ ಇಬ್ಬರೂ ಯಂತ್ರವನ್ನೇ ದಿಟ್ಟಿಸುತ್ತಿದ್ದಾರೆ. ಯಂತ್ರದ ಆಚೆಗೂ ಈಚೆಗೂ ನಿಂತಿರುವ ಮನುಷ್ಯರನ್ನು ನೋಡುವವರು ಕಡಮೆ.

ನಮ್ಮ ವಾದ ಸರಳವಾದುದು. ಒಂದು ಯಂತ್ರವು ಸಮಾಜವನ್ನು ಬದಲಿಸುವ ಸಾಧನವೋ ಅಲ್ಲವೋ ಎಂಬುದನ್ನು ಅರಿಯಲು ಒಂದೇ ಪ್ರಶ್ನೆ ಸಾಕು: ಅದರ ಮೂಲಕ ಯಾರ ಲೆಕ್ಕವನ್ನು ಯಾರು ನೋಡುತ್ತಾರೆ? ಆಳಿಸಿಕೊಳ್ಳುವವನು ಆಳುವವನ ಲೆಕ್ಕ ನೋಡುವಂತಾದರೆ ಅದು ಪ್ರಜಾಪ್ರಭುತ್ವದ ಯಂತ್ರ. ಆಳುವವನು ಮಾತ್ರ ಆಳಿಸಿಕೊಳ್ಳುವವನ ಲೆಕ್ಕ ನೋಡುವಂತಾದರೆ, ಅದು ಎಷ್ಟೇ ಹೊಳೆಯುತ್ತಿರಲಿ, ಹಳೆಯ ದಫೇದಾರನೇ ಹೊಸ ರುಮಾಲು ಸುತ್ತಿಕೊಂಡು ಬಂದಂತೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗರ ಬಳಿ ಕಡತವಿರುತ್ತಿತ್ತು. ಯಾರ ಹೊಲ ಎಷ್ಟು, ಯಾರ ಕಂದಾಯ ಎಷ್ಟು, ಯಾರ ಬಾಕಿ ಎಷ್ಟೆಂಬುದೆಲ್ಲ ಅದರಲ್ಲಿ ಏರಿರುತ್ತಿತ್ತು. ರೈತನಿಗೆ ಅಕ್ಷರ ಬಾರದು. ಬಂದರೂ ಆ ಮೋಡಿಯ ಬರಹ ಹಿಡಿಯದು. ಶಾನುಭೋಗ ಒಳ್ಳೆಯವನೂ ಇದ್ದಾನು, ಕೆಟ್ಟವನೂ ಇದ್ದಾನು, ಅದು ಮುಖ್ಯವಲ್ಲ. ಅವನು ರೈತನ ಲೆಕ್ಕ ನೋಡಬಲ್ಲ, ರೈತ ಅವನ ಲೆಕ್ಕ ನೋಡಲಾರ, ಮುಖ್ಯವಾದುದು ಇದು. ವಂಶಪಾರಂಪರ್ಯವಾದ ಆ ಹುದ್ದೆ 1961ರ ಕಾಯಿದೆಯಿಂದ ರದ್ದಾಯಿತು. ಕಡತವು ಮುಂದೆ ಕಂಪ್ಯೂಟರಿನ ಒಳಹೊಕ್ಕಿತು. ಮೋಡಿಯ ಬರಹ ಹೋಯಿತು. ಮೋಡಿ ಹೋಯಿತೆ ಎಂಬುದೇ ಪ್ರಶ್ನೆ.

ನಕಲು ಯಂತ್ರದ ಜಗಳ

ಈ ಪ್ರಶ್ನೆಯನ್ನು ಸ್ವತಂತ್ರ ಭಾರತದಲ್ಲಿ ಅತ್ಯಂತ ಸ್ಪಷ್ಟವಾಗಿ ಎತ್ತಿದವರು ವಿಶ್ವವಿದ್ಯಾನಿಲಯದ ಪಂಡಿತರಲ್ಲ, ಯಂತ್ರಶಾಸ್ತ್ರದ ತಜ್ಞರೂ ಅಲ್ಲ, ರಾಜಸ್ಥಾನದ ಕೂಲಿಗಾರರು. 1975ರಲ್ಲಿ ಐ.ಎ.ಎಸ್. ಹುದ್ದೆಗೆ ರಾಜೀನಾಮೆಯಿತ್ತ ಅರುಣಾ ರಾಯ್, ಅವರ ಜೊತೆಗಾರರಾದ ಶಂಕರ್ ಸಿಂಗ್, ನಿಖಿಲ್ ಡೇ ಇವರು 1987ರಲ್ಲಿ ದೇವಡೂಂಗರಿ ಎಂಬ ಕುಗ್ರಾಮದ ಗುಡಿಸಲೊಂದರಲ್ಲಿ ನೆಲಸಿದರು. 1990ರ ಮೇ 1ರಂದು ಭೀಮ್ ಎಂಬ ಊರಿನಲ್ಲಿ ಮಜದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ಟಿತು. ಅವರ ಮುಂದಿದ್ದುದು ದೊಡ್ಡ ತತ್ತ್ವವಲ್ಲ, ಚಿಕ್ಕ ಕೂಲಿ. ಸರ್ಕಾರಿ ಕಾಮಗಾರಿಯಲ್ಲಿ ಮಣ್ಣು ಹೊತ್ತವರು ಕನಿಷ್ಠ ಕೂಲಿ ಕೇಳಿದರೆ, "ನೀನು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗಿದೆ" ಎಂಬ ಉತ್ತರ. ದಾಖಲೆ ತೋರಿಸಿರೆಂದರೆ, "ಅದು ಸರ್ಕಾರದ ಗುಟ್ಟು." ಕೂಲಿಕಾರನ ಬೆವರು ಬಯಲಿನಲ್ಲಿ, ಅದರ ಲೆಕ್ಕ ಬೀರುವಿನಲ್ಲಿ.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬಲ್ಲಿ ಅವರು ಮೊದಲನೆಯ ಜನಸುನವಾಯಿ ನಡೆಸಿದರು. ಜನರೇ ವಿಚಾರಣೆ ನಡೆಸುವ ಸಭೆಯೆಂದು ಅದರ ಅರ್ಥ. ಹೇಗೋ ದೊರಕಿಸಿದ ಹಾಜರಿ ಪಟ್ಟಿಗಳನ್ನೂ ಸಾಮಗ್ರಿಯ ಬಿಲ್ಲುಗಳನ್ನೂ ಊರ ಜನರೆದುರಿಗೆ ಗಟ್ಟಿಯಾಗಿ ಓದಿದರು. ಇಂಥವನು ಇಷ್ಟು ದಿನ ದುಡಿದು ಇಷ್ಟು ಹಣ ಪಡೆದನೆಂದು ಓದಿದಾಗ, ಆ ಇಂಥವನೇ ಎದ್ದು ನಿಂತು "ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ" ಎಂದನು. ಇಂತಹ ಸಭೆಗಳು ಒಂದರ ಮೇಲೊಂದು ನಡೆದಂತೆ ಸತ್ತವರ ಹೆಸರಿನ ಕೂಲಿಯೂ ಕಾಗದದ ಮೇಲೆ ಮಾತ್ರ ಎದ್ದ ಕಟ್ಟಡಗಳೂ ಬೆಳಕಿಗೆ ಬಂದವು. ಅಕ್ಷರ ಬಾರದವರೂ ಆ ಸಭೆಯಲ್ಲಿ ಪರಿಶೋಧಕರಾದರು; ಏಕೆಂದರೆ ಯಾರು ದುಡಿದರು, ಯಾರು ದುಡಿಯಲಿಲ್ಲ, ಊರಿನಲ್ಲಿ ಯಾರು ಸತ್ತರೆಂಬುದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನ ಕಥೆಯಲ್ಲಿ ಒಂದು ಯಂತ್ರ ಬರುತ್ತದೆ. ನಮ್ಮ ಹರಟೆಯ ಕಟ್ಟೆಗಳಲ್ಲಿ ಅದರ ಹೆಸರೆತ್ತುವವರಿಲ್ಲ. 1995ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ಅವರು ಸ್ಥಳೀಯ ಕಾಮಗಾರಿಗಳ ದಾಖಲೆಯ ನಕಲನ್ನು ಜನರು ಪಡೆಯಬಹುದೆಂದು ವಿಧಾನಸಭೆಯಲ್ಲಿ ಸಾರಿದರು. ವರ್ಷವೊಂದು ಕಳೆಯಿತು, ಆಜ್ಞೆ ಹೊರಡಲಿಲ್ಲ. 1996ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದಲ್ಲಿ ಕೂಲಿಗಾರರು ಧರಣಿ ಕುಳಿತರು. ಆಗ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ದಾಖಲೆಯನ್ನು ನೋಡಬಹುದು, ಕೈಯಿಂದ ಬರೆದುಕೊಳ್ಳಬಹುದು, ಆದರೆ ನಕಲು ಯಂತ್ರದ ಪ್ರತಿ ದೊರೆಯದು! ಕೂಲಿಗಾರರು ಒಪ್ಪಲಿಲ್ಲ, ನಾಲ್ವತ್ತು ದಿನ ಕುಳಿತರು. ಕೈಬರಹದ ಟಿಪ್ಪಣಿಯನ್ನು "ಇದು ನೀನು ಬರೆದದ್ದು" ಎಂದು ತಳ್ಳಿಹಾಕಬಹುದು. ಯಂತ್ರದ ಪ್ರತಿಯನ್ನು ತಳ್ಳಿಹಾಕಲಾಗದು. ಅಧಿಕಾರಿಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಷ್ಟು ಬಿಗಿ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಈ ಹೋರಾಟದ ಫಲವಾಗಿ 2000ದಲ್ಲಿ ರಾಜಸ್ಥಾನದ ಕಾಯಿದೆ, 2005ರಲ್ಲಿ ಇಡೀ ದೇಶದ ಮಾಹಿತಿ ಹಕ್ಕು ಕಾಯಿದೆ ಬಂದವು. ಇಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಯಂತ್ರವನ್ನು ತಂದು ಆಮೇಲೆ ಅದಕ್ಕೊಂದು ಚಳವಳಿಯನ್ನು ಹುಡುಕಿದವರಲ್ಲ ಇವರು. ಮೊದಲು ಪ್ರಶ್ನೆ, ಅನಂತರ ಸಭೆ, ಅದಕ್ಕೆ ಬೇಕಾದುದರಿಂದ ಯಂತ್ರ. ನಮ್ಮ ಬೆರಳ ತುದಿಯ ಕ್ರಾಂತಿಕಾರರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ.

ಕಣಜವೂ ಕೊಳಗವೂ

2005ರ ಕಾಯಿದೆಯ 4ನೆಯ ಕಲಮು ಬಹು ಒಳ್ಳೆಯ ಕಲಮು. ಯಾರೂ ಅರ್ಜಿ ಹಾಕುವವರೆಗೆ ಕಾಯದೆ ಸರ್ಕಾರವು ತಾನಾಗಿಯೇ ತನ್ನ ಲೆಕ್ಕವನ್ನು ಪ್ರಕಟಿಸುತ್ತಿರಬೇಕು, ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಬೇಕು ಎಂದು ಅದು ವಿಧಿಸುತ್ತದೆ. ಹದಿನಾಲ್ಕು ವರ್ಷದ ಮೇಲೆ, 2019ರ ಸೆಪ್ಟೆಂಬರ್ 13ರಂದು, ರಾಜಸ್ಥಾನ ಸರ್ಕಾರ ಜನ ಸೂಚನಾ ಪೋರ್ಟಲನ್ನು ತೆರೆಯಿತು. ಪಂಚಾಯಿತಿಯ ಹೆಸರನ್ನು ಆರಿಸಿಕೊಂಡರೆ ಅಲ್ಲಿಯ ಪಡಿತರ ಅಂಗಡಿಗೆ ಬಂದ ಧಾನ್ಯವೆಷ್ಟು, ಪಿಂಚಣಿ ಯಾರಿಗೆ ಬಂತು, ಯಾರಿಗೆ ನಿಂತಿತೆಂಬುದೆಲ್ಲ ಅರ್ಜಿಯಿಲ್ಲದೆ ಕಾಣುತ್ತದೆ. ಯಾವ ಮಾಹಿತಿ ಬೇಕು, ಅದು ಯಾವ ರೂಪದಲ್ಲಿದ್ದರೆ ಹಳ್ಳಿಯವನಿಗೆ ಅರ್ಥವಾದೀತು ಎಂಬುದನ್ನು ನಿರ್ಧರಿಸಲು ಅಧಿಕಾರಿಗಳೂ ಜನಸಂಘಟನೆಗಳ ಪ್ರತಿನಿಧಿಗಳೂ ಎದುರುಬದುರಾಗಿ ಕುಳಿತು ಸಂವಾದ ನಡೆಸಿದರು. ಯಂತ್ರದ ಒಳಗಿನ ಲೆಕ್ಕದ ಮನೆಗಳನ್ನು ಹಾಕುವಾಗಲೇ ಲೆಕ್ಕ ಕೇಳುವವನೂ ಅಲ್ಲಿದ್ದನು. ಸಾಧನೆಯೆಂದರೆ ಇದು, ಪೋರ್ಟಲಿನ ಹೊಳಪಲ್ಲ.

ರಾಜಸ್ಥಾನದ ಮಾದರಿಯನ್ನು ನೋಡಿ ನಮ್ಮ ಕರ್ನಾಟಕ ಸರ್ಕಾರವೂ ಇಂತಹುದನ್ನೇ ನಿರ್ಮಿಸಿತು. ಅದರ ಹೆಸರು 'ಮಾಹಿತಿ ಕಣಜ'. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಕಣಜವೆಂಬ ಮಾತಿನಲ್ಲಿ ನೆಲದ ವಾಸನೆಯಿದೆ. ಆದರೆ ಕಣಜ ತುಂಬಿದ ಮಾತ್ರಕ್ಕೆ ಹಸಿದವನ ಹೊಟ್ಟೆ ತುಂಬಿತೆ? ಅಳೆಯುವ ಕೊಳಗ ಯಾರ ಕೈಯಲ್ಲಿದೆಯೆಂಬುದನ್ನು ನಮ್ಮ ಹಿರಿಯರು ಕೇಳುತ್ತಿದ್ದರು. ಈ ಅಂಕಣವನ್ನು ಓದುತ್ತಿರುವ ಮಹಾಶಯರಲ್ಲಿ ಎಷ್ಟು ಮಂದಿ ಆ ಕಣಜದ ಬಾಗಿಲನ್ನು ತೆರೆದು ನೋಡಿದ್ದಾರೆ? ತಮ್ಮ ಹುಟ್ಟೂರಿನ ಪಂಚಾಯಿತಿಗೆ ಬಂದ ಹಣ ಯಾವ ಚರಂಡಿಗೆ ಹೋಯಿತೆಂದು ವಿಚಾರಿಸಿದ್ದಾರೆ? ವಾಟ್ಸಪ್ಪಿನಲ್ಲಿ ಬಂದ ದೇಶದ ದುರವಸ್ಥೆಯ ಚಿತ್ರಗಳನ್ನು ನೂರು ಜನಕ್ಕೆ ಕಳುಹಿಸಲು ಬಿಡುವಿರುವವರಿಗೆ ಇದಕ್ಕೆ ಬಿಡುವಿಲ್ಲ.

ಕನ್ನಡದ ಅಧ್ಯಾಪಕನಾದ ನನಗೆ ಇಲ್ಲಿ ಇನ್ನೊಂದು ದೂರೂ ಇದೆ. ಸರ್ಕಾರದ ಲೆಕ್ಕ ಕನ್ನಡದಲ್ಲಿ ಬಂದರೆ ಸಾಲದು. ಅದು ಕರ್ತೃಪದವುಳ್ಳ ಕನ್ನಡದಲ್ಲಿ ಬರಬೇಕು. ನಮ್ಮ ಕಚೇರಿಯ ಕನ್ನಡವನ್ನು ನೋಡಿ: "ಅನುದಾನ ಬಿಡುಗಡೆ ಮಾಡಲಾಗಿದೆ, ಕಾಮಗಾರಿ ಪೂರ್ಣಗೊಳಿಸಲಾಗಿದೆ, ಪರಿಶೀಲಿಸಲಾಗಿದೆ." ಯಾರು ಬಿಡುಗಡೆ ಮಾಡಿದರು? ಯಾರು ಪರಿಶೀಲಿಸಿದರು? ಕರ್ಮಣಿ ಪ್ರಯೋಗವು ಆಡುಮಾತಿನ ಕನ್ನಡಕ್ಕೆ ಒಗ್ಗಿದ ರೀತಿಯಲ್ಲ. "ನನ್ನಿಂದ ಅನ್ನ ಉಣ್ಣಲ್ಪಟ್ಟಿತು" ಎಂದು ಯಾವ ಗೃಹಸ್ಥನೂ ಹೇಳುವುದಿಲ್ಲ. ಕಚೇರಿಗೆ ಮಾತ್ರ ಆ ಪ್ರಯೋಗ ಪ್ರಾಣಪ್ರಿಯ. ಏಕೆಂದರೆ ಅದರಲ್ಲಿ ಕ್ರಿಯೆ ನಡೆಯುತ್ತದೆ, ಮಾಡಿದವನು ಮಾಯವಾಗುತ್ತಾನೆ. ಕೋಟ್ ಕಿರಾಣಾದ ಸಭೆ ಮಾಡಿದ್ದೇನೆಂದರೆ ವಾಕ್ಯಕ್ಕೆ ಕರ್ತೃಪದವನ್ನು ತಂದು ಸೇರಿಸಿದ್ದು. ಅಷ್ಟರಿಂದಲೇ ಸಿಂಹಾಸನಗಳು ಅಲುಗಿದವು.

ಕನ್ನಡಿ ತಿರುಗಿತು

ಈಗ ಇದೇ ಯಂತ್ರವನ್ನು ತಿರುಗಿಸಿ ಹಿಡಿದ ಬಗೆಯನ್ನು ನೋಡಬೇಕು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉದ್ಯೋಗ ಖಾತರಿಯ ಕೆಲಸಕ್ಕೆಂದು ಹಾಜರಿಯ ಆ್ಯಪ್ ಒಂದನ್ನು ತಂದಿತು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳನ್ನುಳಿದು ಎಲ್ಲ ಕಡೆಯೂ ಅದು ಕಡ್ಡಾಯವಾಯಿತು. ಕೆಲಸದ ಜಾಗದಲ್ಲಿ ಕೂಲಿಗಾರರ ಗುಂಪಿನ ಚಿತ್ರವನ್ನು ದಿನಕ್ಕೆ ಎರಡು ಬಾರಿ, ಸ್ಥಳ ಕಾಲಗಳ ಗುರುತಿನೊಡನೆ, ಮೇಲ್ವಿಚಾರಕರು ತಮ್ಮ ಫೋನಿನಲ್ಲಿ ತೆಗೆದು ಕಳುಹಿಸಬೇಕು. ಆ ಮೇಲ್ವಿಚಾರಕರಿಗೆ ನಮ್ಮಲ್ಲಿ 'ಕಾಯಕ ಬಂಧು' ಎಂಬ ಸುಂದರವಾದ ಹೆಸರಿದೆ. ಫೋನು ಇಲ್ಲದಿದ್ದರೆ, ಜಾಲ ಸಿಕ್ಕದಿದ್ದರೆ, ಚಿತ್ರ ಏರದಿದ್ದರೆ, ದುಡಿದ ದಿನ ದುಡಿಯದ ದಿನವಾಗುತ್ತದೆ. ಕೂಲಿ ಅಳತೆಯ ಕೆಲಸಕ್ಕೆ; ಬೆಳಗ್ಗೆಯೇ ಅಳತೆ ಮುಗಿಸಿದ ಹೆಂಗಸು ಮಕ್ಕಳನ್ನೂ ದನಗಳನ್ನೂ ಬಿಟ್ಟು ಎರಡನೆಯ ಚಿತ್ರಕ್ಕಾಗಿ ಕಾಯಬೇಕು. 2023ರ ಫೆಬ್ರವರಿಯಲ್ಲಿ ಈ ಕೂಲಿಗಾರರು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಅದು ನಮ್ಮ ಎಷ್ಟು ಪತ್ರಿಕೆಗಳಲ್ಲಿ ಎಷ್ಟು ಅಂಗುಲ ಜಾಗ ಪಡೆಯಿತೆಂಬುದನ್ನು ವಾಚಕರೇ ನೆನೆಸಿಕೊಳ್ಳಲಿ.

ಹಾಜರಿ ಪಟ್ಟಿಯಲ್ಲಿ ಕಳ್ಳತನ ನಡೆಯುತ್ತಿತ್ತೆಂದು ನೀವೇ ಹೇಳಿದಿರಿ. ಹಾಗಾದರೆ ಚಿತ್ರ ತೆಗೆಯುವುದು ತಪ್ಪೆ? ಹೀಗೆ ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಸರ್ಕಾರವೇ ಕೊಟ್ಟಿದೆ. 2025ರ ಜುಲೈ ತಿಂಗಳಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವು ರಾಜ್ಯಗಳಿಗೆ ಬರೆದ ಪತ್ರದಲ್ಲಿ ಈ ಆ್ಯಪಿನ ದುರುಪಯೋಗಗಳನ್ನು ಪಟ್ಟಿಮಾಡಿತು. ಸಂಬಂಧವಿಲ್ಲದ ಚಿತ್ರಗಳು, ಚಿತ್ರದ್ದೇ ಚಿತ್ರಗಳು, ಒಬ್ಬನೇ ಹಲವು ಪಟ್ಟಿಗಳಲ್ಲಿ, ಪಟ್ಟಿಯಲ್ಲಿ ಹೆಂಗಸರು, ಚಿತ್ರದಲ್ಲಿ ಗಂಡಸರು! ಕಳ್ಳನಿಗೆ ಆ್ಯಪ್ ಅಡ್ಡವಾಗಲಿಲ್ಲ, ದುಡಿಯುವವಳಿಗೆ ಅಡ್ಡವಾಯಿತು. ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರನ್ನು ಬರೆದವರು ಕೂಲಿಗಾರರಲ್ಲ, ಬರೆಯುವ ಅಧಿಕಾರವಿದ್ದವರು. ಬರೆದವನನ್ನು ಬಿಟ್ಟು ದುಡಿದವಳನ್ನು ದಿನಕ್ಕೆರಡು ಬಾರಿ ನಿಲ್ಲಿಸಿ ಚಿತ್ರ ತೆಗೆಯುವುದು ಯಾವ ನ್ಯಾಯ? ಇಂಜಿನಿಯರು ಅಳತೆಗೆ ಬಂದ ಗಳಿಗೆಯ ಚಿತ್ರವೆಲ್ಲಿ? ಬಿಲ್ಲಿಗೆ ರುಜು ಹಾಕಿದ ಗಳಿಗೆಯ ಚಿತ್ರವೆಲ್ಲಿ? 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಉದ್ಯೋಗ ಖಾತರಿ ಕಾಯಿದೆಯ ಜಾಗದಲ್ಲಿ ಹೊಸದೊಂದು ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಹೊಸದಾದರೂ ಈ ಪ್ರಶ್ನೆ ಹಳೆಯದೇ.

ಇದು ಕತೆಯ ಅರ್ಧ. ಇನ್ನರ್ಧ ಮಾಹಿತಿ ಹಕ್ಕಿನ ಕಾಯಿದೆಯೊಳಗೇ ನಡೆಯಿತು. ಅದರ 8ನೆಯ ಕಲಮು ಯಾವ ಮಾಹಿತಿಯನ್ನು ನಿರಾಕರಿಸಬಹುದೆಂದು ಹೇಳುತ್ತದೆ. ವೈಯಕ್ತಿಕ ಮಾಹಿತಿಯ ವಿಷಯದಲ್ಲಿ ಹಳೆಯ ಮಾತು ತೂಕವಾಗಿತ್ತು. ಸಾರ್ವಜನಿಕ ಕಾರ್ಯಕ್ಕೆ ಸಂಬಂಧವಿಲ್ಲದ, ಅಥವಾ ಖಾಸಗಿತನಕ್ಕೆ ಅನುಚಿತವಾಗಿ ಭಂಗ ತರುವ ಮಾಹಿತಿಯನ್ನು ಮಾತ್ರ ತಡೆಯಬಹುದಿತ್ತು. ಸಂಸತ್ತಿಗೆ ನಿರಾಕರಿಸಲಾಗದುದನ್ನು ಸಾಮಾನ್ಯನಿಗೂ ನಿರಾಕರಿಸತಕ್ಕದ್ದಲ್ಲವೆಂಬ ಘನವಾದ ಮಾತೂ ಅದರಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಆ ತೂಕದ ಮಾತುಗಳನ್ನೆಲ್ಲ ಕಿತ್ತುಹಾಕಿ, ವೈಯಕ್ತಿಕ ಮಾಹಿತಿಯೆಂದರೆ ಸಾಕು, ತಡೆಯಬಹುದು ಎಂದು ಮಾಡಿತು. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೆ ಬಂದಿತು.

ಖಾಸಗಿತನ ಬೇಡವೆ? ಖಂಡಿತವಾಗಿ ಬೇಕು. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಅದನ್ನು ಮೂಲಭೂತ ಹಕ್ಕೆಂದು ಸಾರಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ವಿಷಯ. ಕೂಲಿಕಾರನ ಬ್ಯಾಂಕಿನ ಖಾತೆಯ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಬೀದಿಗೆ ಹಾಕಬಾರದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಖಾಸಗಿತನವೆಂಬುದು ಬಡವನ ಗುರಾಣಿಯಾಗಬೇಕು, ಕಚೇರಿಯ ಪರದೆಯಾಗಬಾರದು. ಬಿಲ್ಲಿಗೆ ರುಜು ಹಾಕಿದ ಅಧಿಕಾರಿಯ ಹೆಸರು, ಗುತ್ತಿಗೆ ಪಡೆದವನ ಹೆಸರು ಇವು ವೈಯಕ್ತಿಕವೆಂದರೆ, ಇನ್ನು ಸಾರ್ವಜನಿಕವಾದುದು ಯಾವುದು? ಸಾರ್ವಜನಿಕ ಹಿತ ಹಿರಿದಾಗಿದ್ದರೆ ಕೊಡಬಹುದೆಂಬ ಇನ್ನೊಂದು ಉಪಕಲಮು ಉಳಿದಿದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಉಳಿದಿದೆ, ನಿಜ. ಆದರೆ ಹಿರಿದೋ ಕಿರಿದೋ ಎಂದು ಮೊದಲು ತೂಗುವವನು ಯಾರು? ಬೀರುವಿನ ಬೀಗದ ಕೈ ಇರುವವನೇ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಮಣ್ಣು ಹೊರುವವಳ ಮುಖ ದಿನಕ್ಕೆರಡು ಬಾರಿ ದೆಹಲಿಯವರೆಗೂ ಹೋಗಬೇಕು. ರುಜು ಹಾಕುವವನ ಹೆಸರು ಪಕ್ಕದ ಹಳ್ಳಿಗೂ ಬರದಂತೆ ತಡೆಯಬಹುದು. ಅವಳ ವಿಷಯದಲ್ಲಿ ಇದಕ್ಕೆ ಪಾರದರ್ಶಕತೆಯೆಂದು ಹೆಸರು, ಅವನ ವಿಷಯದಲ್ಲಿ ಖಾಸಗಿತನವೆಂದು ಹೆಸರು. ಇದು ಡಿಜಿಟಲ್ ಯುಗವಲ್ಲ ಸ್ವಾಮಿ, ಶಾನುಭೋಗಿಕೆಯ ಎರಡನೆಯ ಅಧ್ಯಾಯ.

ನಗರದ ಬೆರಳು

ಇದಕ್ಕೂ ನಗರವಾಸಿಗಳಾದ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಸಮಾಜ ಪರಿವರ್ತನೆಯ ಯಂತ್ರಗಳೆಲ್ಲ ನಮ್ಮ ಕೈಯಲ್ಲಿವೆ. ನಾವು ಅವುಗಳಿಂದ ಮಾಡುತ್ತಿರುವುದೇನು? ಒಂದು ಅನ್ಯಾಯದ ಸುದ್ದಿ ಬರುತ್ತದೆ. ಮನಸ್ಸು ಕುದಿಯುತ್ತದೆ. ಕೂಡಲೆ ಒಂದು ಮನವಿಗೆ ಬೆರಳೊತ್ತಿ ಸಹಿ ಹಾಕುತ್ತೇವೆ, ನಾಲ್ಕು ಕಡೆಗೆ ಕಳುಹಿಸುತ್ತೇವೆ, ಕುದಿ ಆರುತ್ತದೆ. ಆ ಮನವಿ ಯಾರಿಗೆ ಹೋಯಿತು, ಅವರು ಉತ್ತರ ಕೊಡಲು ಕಾಯಿದೆಯಂತೆ ಬದ್ಧರೇ, ಕೊಡದಿದ್ದರೆ ಮುಂದೇನು ಎಂಬುದನ್ನು ವಿಚಾರಿಸುವುದಿಲ್ಲ. ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಇದೇ ಪ್ರಶ್ನೆ ಕೇಳಿದ್ದೇನೆ. ಸಹಿ ಹಾಕಿದವರು ಹಲವರು. ಆ ಸಹಿ ಯಾರ ಮೇಜಿನ ಮೇಲೆ ಬಿತ್ತೆಂದು ಬಲ್ಲವರು ಒಬ್ಬರೂ ಇಲ್ಲ. ಹುಡುಗರನ್ನು ದೂರಿ ಫಲವಿಲ್ಲ. ಅವರು ಮನೆಯಲ್ಲಿ ಹಿರಿಯರನ್ನು ನೋಡಿ ಕಲಿತದ್ದು ಅದು.

ಬೆರಳಿನಿಂದ ಎಂದೂ ಏನೂ ಆಗಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಅಂತರ್ಜಾಲದಲ್ಲಿ ಕಂಪನಿಗಳು ಒಂದು ತಾಣಕ್ಕೊಂದು ದರ ವಿಧಿಸಬಹುದೇ ಮೊದಲಾದ 20 ಪ್ರಶ್ನೆಗಳನ್ನು ಜನರ ಮುಂದಿಟ್ಟಾಗ 10 ಲಕ್ಷಕ್ಕೂ ಮೀರಿ ಪತ್ರಗಳು ಈ-ಅಂಚೆಯಲ್ಲಿ ಹೋದವು. ಮರುವರ್ಷದ ಫೆಬ್ರವರಿ 8ರಂದು ಪ್ರಾಧಿಕಾರವು ಅಂತಹ ತಾರತಮ್ಯದ ದರಗಳನ್ನು ನಿಷೇಧಿಸಿತು. ಆದರೆ ಅಲ್ಲಿ ಪ್ರಶ್ನೆ ಕೇಳಿದವರು ಇದ್ದರು, ಉತ್ತರಕ್ಕೆ ಗಡುವಿತ್ತು, ಬಂದ ಉತ್ತರಗಳನ್ನು ಓದಬೇಕಾದ ಪ್ರಾಧಿಕಾರವಿತ್ತು. ಪತ್ರವೇ ತಕ್ಕ ಕಾರ್ಯವಾಗಿದ್ದ ಕಡೆ ಪತ್ರ ಫಲಿಸಿತು.

ಇನ್ನೊಂದು ಉದಾಹರಣೆ ಬೆಂಗಳೂರಿನದೇ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆ ಕಟ್ಟಲು ಸರ್ಕಾರ ಹೊರಟಿತು. 800ಕ್ಕೂ ಹೆಚ್ಚು ಮರಗಳು ಉರುಳಬೇಕಾಗಿತ್ತು. ವಿರೋಧ ಫೋನಿನಲ್ಲಿ ಹುಟ್ಟಿತು, ಹಬ್ಬಿತು. ಇಂಗ್ಲಿಷಿನ ಆ ಹ್ಯಾಷ್‌ಟ್ಯಾಗಿನ ಕೊನೆಯಲ್ಲಿ 'ಬೇಡ' ಎಂಬ ಒಂದೇ ಒಂದು ಕನ್ನಡ ಪದವಿತ್ತು. ಕೆಲಸ ಮಾಡಿದುದು ಆ ಪದವೇ! ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಬಂದು ಆ ಹಾದಿಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು, ತಡೆಯಾಜ್ಞೆ ತಂದರು. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಫೋನು ಡಂಗುರ ಹೊಡೆಯಿತು, ಗೆದ್ದುದು ಕಾಲು.

ಅದೇ ಬೆಂಗಳೂರಿನ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬರುವವರೆಗೂ ಮತ್ತೆ ಚುನಾವಣೆ ನಡೆಯಲಿಲ್ಲ. ಐದು ವರ್ಷ! ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ನಗರ ತನ್ನ ಬೀದಿಯ ದೀಪಕ್ಕೆ ಜವಾಬುದಾರನಾದ ಒಬ್ಬ ಸದಸ್ಯನಿಲ್ಲದೆ ಐದು ವರ್ಷ ಕಳೆಯಿತು. ಆ ಐದು ವರ್ಷದಲ್ಲಿ ಗುಂಡಿ ಬಿದ್ದ ರಸ್ತೆಯ ಚಿತ್ರಗಳನ್ನು ಎಷ್ಟು ಹಂಚಿದೆವು! ಗುಂಡಿಯ ಲೆಕ್ಕ ಕೇಳತಕ್ಕ ಮನೆಯೇ ಖಾಲಿ ಬಿದ್ದಿದೆಯೆಂದು ಬೀದಿಗೆ ಬಂದವರು ಬೆರಳೆಣಿಕೆಯ ಮಂದಿ. ಉಕ್ಕಿನ ಸೇತುವೆ ಕಣ್ಣಿಗೆ ಕಾಣುತ್ತಿತ್ತು. ಇಲ್ಲದ ಚುನಾವಣೆ ಚಿತ್ರಕ್ಕೆ ಸಿಕ್ಕುವಂತಹುದಲ್ಲ. ಚಿತ್ರಕ್ಕೆ ಸಿಕ್ಕದ ಅನ್ಯಾಯವನ್ನು ನಮ್ಮ ಫೋನು ಅನ್ಯಾಯವೆಂದೇ ಎಣಿಸುವುದಿಲ್ಲ.

ದಾರ ಯಾರ ಕೈಯಲ್ಲಿದೆಯೆಂಬ ಮಾತನ್ನೂ ಮರೆಯಬಾರದು. 2021ರ ಜನವರಿ ಕೊನೆಯಲ್ಲಿ ದೆಹಲಿಯ ಗಡಿಗಳಲ್ಲಿ ರೈತರು ಕುಳಿತಿದ್ದ ಸಿಂಘು, ಟಿಕ್ರಿ, ಗಾಜಿಪುರಗಳಲ್ಲಿ ಸರ್ಕಾರ ಅಂತರ್ಜಾಲವನ್ನು ನಿಲ್ಲಿಸಿತು. ಆದರೆ ಆ ರೈತರು ಹಿಂದಿನ ಡಿಸೆಂಬರಿನಲ್ಲೇ 'ಟ್ರಾಲಿ ಟೈಮ್ಸ್' ಎಂಬ ಪತ್ರಿಕೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಟ್ರಾಕ್ಟರುಗಳ ನಡುವೆ ಹಂಚಲು ತೊಡಗಿದ್ದರು. ಫೋನನ್ನು ಅವರು ಧಾರಾಳವಾಗಿ ಬಳಸಿದರು. ಆದರೆ ಫೋನು ಸತ್ತರೆ ಚಳವಳಿ ಸಾಯುವಂತೆ ಇಟ್ಟುಕೊಳ್ಳಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಮೂರು ಕೃಷಿ ಕಾಯಿದೆಗಳೂ ರದ್ದಾದವು.

ಹಾಗಾದರೆ ಮಾಡತಕ್ಕದ್ದೇನು? ಹಾಜರಿಯ ಆ್ಯಪಾಗಲಿ ಅದರ ಮುಂದಿನ ಅವತಾರವಾಗಲಿ ಇರಲೇಬೇಕೆಂದರೆ, ಕೂಲಿಗಾರರನ್ನು ತೋರಿಸುವ ಪರದೆಯಲ್ಲೇ ಅಳತೆ ತೆಗೆದವರ, ಬಿಲ್ಲು ಮಂಜೂರು ಮಾಡಿದವರ, ಕೂಲಿ ತಡೆದವರ ಹೆಸರೂ ದಿನಾಂಕವೂ ಕಾಣಬೇಕು. ಮಾಹಿತಿ ಹಕ್ಕಿನ 8ನೆಯ ಕಲಮಿಗೆ ಹಳೆಯ ತೂಕ ಮರಳಬೇಕು. ಮಾಹಿತಿ ಕಣಜದಲ್ಲಿರುವುದನ್ನು ಆರು ತಿಂಗಳಿಗೊಮ್ಮೆ ಕೂಡಬೇಕಾದ ಗ್ರಾಮಸಭೆಯಲ್ಲಿ, ನಗರದಲ್ಲಾದರೆ ವಾರ್ಡು ಸಮಿತಿಯಲ್ಲಿ, ಗಟ್ಟಿಯಾಗಿ ಓದಬೇಕು. 'ಮಾಡಲಾಗಿದೆ' ಎಂದು ಬಂದ ಕಡೆಯಲ್ಲೆಲ್ಲ ಸಭೆಯು 'ಯಾರು?' ಎಂದು ಕೇಳಬೇಕು. ಇವು ಮೂರೂ ಕಂಪ್ಯೂಟರಿನಿಂದ ಆಗಬಹುದಾದ ಕೆಲಸಗಳೇ. ಆದರೆ ಕಂಪ್ಯೂಟರು ತಾನಾಗಿ ಮಾಡುವ ಕೆಲಸಗಳಲ್ಲ.

ಮುಂದಿನ ಸಲ ನಿಮ್ಮ ಫೋನಿಗೊಂದು ಮನವಿ ಬಂದಾಗ ಒತ್ತುವ ಮೊದಲು ಒಂದು ಗಳಿಗೆ ನಿಲ್ಲಿ. ಇದು ಯಾರ ಹೆಸರಿಗೆ? ಅವರು ಉತ್ತರ ಕೊಡಬೇಕಾದವರೇ? ಕೊಡದಿದ್ದರೆ ನಾನು ಎಲ್ಲಿಗೆ ಹೋಗುತ್ತೇನೆ, ಯಾರ ಜೊತೆಯಲ್ಲಿ? ಮೂರನೆಯ ಪ್ರಶ್ನೆಗೆ ಉತ್ತರವಿದ್ದರೆ ಧೈರ್ಯವಾಗಿ ಒತ್ತಿ. ಇಲ್ಲವಾದರೆ ಆ ಹೊತ್ತನ್ನು ನಿಮ್ಮ ಊರಿನ ಒಂದು ಬಿಲ್ಲನ್ನು ಓದಲು ಕೊಡಿ, ಓದಿದುದನ್ನು ನೆರೆಯವರಿಗೆ ಕೇಳುವಂತೆ ಹೇಳಿ. ಅಕ್ಷರ ಬಾರದ ಕೂಲಿಗಾರರು ಈ ದೇಶಕ್ಕೆ ಒಂದು ಕಾಯಿದೆಯನ್ನು ಗಳಿಸಿಕೊಟ್ಟರು. ಅಕ್ಷರ ಬಲ್ಲ ನಾವು ಅದನ್ನು ಉಳಿಸಿಕೊಳ್ಳುತ್ತೇವೆಯೇ ಎಂಬುದಕ್ಕೆ ಉತ್ತರವನ್ನು ಬೆರಳಿನಿಂದ ಕೊಡಲು ಬರುವುದಿಲ್ಲ.